ಹವಳದ ಹೊಳಪು ನೋಡಲು ನೀಲಿ ಟಾರ್ಚೋ, ಯುವಿ ಟಾರ್ಚೋ?

ಚಿಕ್ಕಮಗಳೂರಿನ ಕಡೆ ತೋಟದ ಮನೆಗಳಲ್ಲಿ ಕೆಲವರ ಹತ್ತಿರ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಇರುತ್ತದೆ. ಕತ್ತಲಲ್ಲಿ ಸೌದೆ ಕೊಟ್ಟಿಗೆಗೆ ಕೈ ಹಾಕುವ ಮೊದಲು ಒಮ್ಮೆ ಬಿಟ್ಟು ನೋಡಿದರೆ, ಚೇಳು ಇದ್ದ ಕಡೆ ಹಸಿರು ಮಿಶ್ರಿತ ನೀಲಿಯಾಗಿ ಹೊಳೆದು ಕಾಣುತ್ತದೆ. ಅದಕ್ಕೇ ಸ್ಕೂಬಾ ಕಲಿತು ಬಂದ ನಮ್ಮೂರಿನವರು ನನ್ನನ್ನು ಮೊದಲು ಕೇಳುವುದು ಇದನ್ನೇ: ಇದೇ ಬೆಳಕನ್ನು ಸಮುದ್ರದೊಳಗೆ ಒಯ್ದರೆ ಹವಳವೂ ಹೊಳೆಯುತ್ತದಾ?

ಸ್ವಲ್ಪ ಹೊಳೆಯುತ್ತದೆ. ಆದರೆ ಹವಳಕ್ಕೆ ಸರಿಯಾದ ಬೆಳಕು ಅದಲ್ಲ. ಹವಳ ನೋಡಬೇಕು ಅಂತಿದ್ದರೆ 450 ನ್ಯಾನೊಮೀಟರ್ (ಬೆಳಕಿನ ತರಂಗದ ಉದ್ದದ ಅಳತೆ) ಆಸುಪಾಸಿನ ನೀಲಿ ಬೆಳಕು ಬೇಕು, ಜೊತೆಗೆ ಕಣ್ಣಿನ ಮುಂದೆ ಹಳದಿ ಫಿಲ್ಟರ್ ಬೇಕು. ನಾನು ಎಲ್ಲರಿಗೂ ಹೇಳುವುದು ಈ ಜೋಡಿಯನ್ನೇ. ದುಡ್ಡು ಕಡಿಮೆ ಇದ್ದರೆ ಟಾರ್ಚಿನ ಪವರ್‌ನಲ್ಲಿ ರಾಜಿ ಮಾಡಿಕೊಳ್ಳಿ, ಫಿಲ್ಟರ್‌ನಲ್ಲಿ ಬೇಡ.

ಹವಳದೊಳಗೆ ಏನಾಗುತ್ತದೆ

ಮುಂಗಾರಿಗೆ ಮುಂಚೆ ನಮ್ಮ ಮರಗಳ ಮೇಲೆ ಮಿಂಚುಹುಳ ಮಿನುಗುತ್ತವಲ್ಲ, ಅವು ತಮ್ಮ ಬೆಳಕನ್ನು ತಾವೇ ತಯಾರು ಮಾಡುತ್ತವೆ. ಹವಳ ಹಾಗಲ್ಲ. ಅದರ ಮೇಲೆ ಬಿದ್ದ ನೀಲಿ ಬೆಳಕನ್ನು ಹೀರಿಕೊಂಡು, ಅದನ್ನೇ ಹಸಿರು, ಕಿತ್ತಳೆ ಅಥವಾ ಕೆಂಪಾಗಿ ವಾಪಸ್ ಬಿಡುತ್ತದೆ. ಟಾರ್ಚ್ ಆರಿಸಿದ ತಕ್ಷಣ ಹೊಳಪೂ ಹೋಗುತ್ತದೆ. ಇದಕ್ಕೆ ಫ್ಲೋರೆಸೆನ್ಸ್ ಅನ್ನುತ್ತಾರೆ.

ಈ ಕೆಲಸ ಮಾಡುವುದು ಹವಳದ ಮೈಯಲ್ಲಿರುವ ಪ್ರೋಟೀನುಗಳು. ಇವುಗಳ ಮೂಲದ ಕಥೆ ಚೆನ್ನಾಗಿದೆ. ಒಸಾಮು ಶಿಮೊಮುರಾ 1962ರಲ್ಲಿ ಒಂದು ಜೆಲ್ಲಿಮೀನಿನಲ್ಲಿ ಹಸಿರು ಹೊಳೆಯುವ ಪ್ರೋಟೀನ್ ಕಂಡರು. 1999ರಲ್ಲಿ ಮಾಸ್ಕೋದ ವಿಜ್ಞಾನಿಗಳು ಅದರ ಬಂಧುಗಳು ಹವಳಗಳ ಬಳಗದಲ್ಲೂ ಇವೆ ಎಂದು ತೋರಿಸಿದರು. ಕೆಂಪು ಹೊಳೆಯುವ ಪ್ರೋಟೀನ್ ಸಿಕ್ಕಿದ್ದೂ ಆಗಲೇ. 2008ರಲ್ಲಿ ಶಿಮೊಮುರಾ, ಮಾರ್ಟಿನ್ ಚಾಲ್ಫಿ, ರೋಜರ್ ತ್ಸಿಯೆನ್ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಇವತ್ತು ಜೀವಕೋಶದೊಳಗೆ ಏನು ನಡೆಯುತ್ತಿದೆ ಎಂದು ಲ್ಯಾಬ್‌ಗಳಲ್ಲಿ ನೋಡುವುದು ಇದೇ ಪ್ರೋಟೀನುಗಳ ಸಹಾಯದಿಂದ. ನೀರೊಳಗೆ ಟಾರ್ಚ್ ಹಿಡಿದಾಗ ಹವಳದಲ್ಲಿ ಕಾಣುವುದೂ ಇದೇ ಬಳಗ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಹವಳಕ್ಕೆ ಇದರಿಂದ ಏನು ಲಾಭ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಂದೇ ಮಾತಿಲ್ಲ. ಆಳ ಕಡಿಮೆ ಇರುವಲ್ಲಿ ಜಾಸ್ತಿ ಬಿಸಿಲನ್ನು ತಡೆಯಲು ಎನ್ನುವವರಿದ್ದಾರೆ. ಆಳದಲ್ಲಿ, ಹವಳದ ಮೈಯೊಳಗೆ ಬದುಕುವ ಪಾಚಿಗೆ ಬೇಕಾದ ಬಣ್ಣದ ಬೆಳಕು ಒದಗಿಸಲು ಎನ್ನುವವರಿದ್ದಾರೆ. ಸಣ್ಣ ಬೇಟೆಯನ್ನು ಹತ್ತಿರ ಸೆಳೆಯಲು ಎನ್ನುವವರೂ ಇದ್ದಾರೆ.

ಟಾರ್ಚ್ ಆಯ್ಕೆಗೆ ಬೇಕಾದ ವಿಷಯ ಇಷ್ಟೇ. ಹವಳದ ಹಸಿರು ಪ್ರೋಟೀನುಗಳಲ್ಲಿ ಹೆಚ್ಚಿನವು ಚೆನ್ನಾಗಿ ಹೀರುವುದು ನೀಲಿ ಬೆಳಕನ್ನು. ತಿಳಿ ಸಮುದ್ರದ ನೀರಿನಲ್ಲಿ ತುಂಬಾ ಆಳದವರೆಗೆ ಇಳಿಯುವುದೂ ನೀಲಿಯೇ. ಅಲ್ಲೇ ಹುಟ್ಟಿ ಬೆಳೆದ ಜೀವಿ ಅದಕ್ಕೆ ಹೊಂದಿಕೊಂಡಿರುವುದು ಸಹಜ ಅಲ್ವಾ? ಹವಳದೊಳಗಿನ ಪಾಚಿಯ ಕ್ಲೋರೊಫಿಲ್ ಕೂಡ ನೀಲಿಯನ್ನು ಹೀರಿ 680 ನ್ಯಾನೊಮೀಟರ್ ಹತ್ತಿರ ಗಾಢ ಕೆಂಪು ಬಿಡುತ್ತದೆ.

ಯುವಿ ಟಾರ್ಚ್: ತೋಟಕ್ಕೆ ಸರಿ, ಹವಳಕ್ಕೆ ಅರ್ಧ

ಮಾರುಕಟ್ಟೆಯಲ್ಲಿ ಯುವಿ ಅಂದರೆ ಮುಖ್ಯವಾಗಿ ಎರಡು ಬಗೆ. 395 ನ್ಯಾನೊಮೀಟರಿನದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ನೋಟು ನೋಡಲು ಅಂಗಡಿಯವರು ಇಟ್ಟುಕೊಳ್ಳುವಂಥದ್ದು. ಅದರಿಂದ ನೇರಳೆ ಬೆಳಕು ಕಣ್ಣಿಗೆ ಕಾಣುವಷ್ಟು ಚೆಲ್ಲುತ್ತದೆ. ಇನ್ನೊಂದು 365 ನ್ಯಾನೊಮೀಟರಿನದು. ಬೆಲೆ ಜಾಸ್ತಿ. ಒಳ್ಳೆಯದಾದರೆ ಮುಂದೆ ಕಪ್ಪು ಗಾಜಿನ ಫಿಲ್ಟರ್ ಇರುತ್ತದೆ. ನೇರಳೆ ಚೆಲ್ಲುವುದು ತುಂಬಾ ಕಡಿಮೆ.

ಯುವಿಯ ದೊಡ್ಡ ಅನುಕೂಲ ಎಂದರೆ ಹಳದಿ ಫಿಲ್ಟರ್ ಇಲ್ಲದೆಯೂ ಹೊಳಪು ಕಾಣುತ್ತದೆ, ಏಕೆಂದರೆ ಟಾರ್ಚಿನ ಬೆಳಕು ಕಣ್ಣಿಗೆ ಹೆಚ್ಚು ಕಾಣುವುದೇ ಇಲ್ಲ. ಇನ್ನೊಂದು ಅನುಕೂಲವೂ ಇದೆ. ಕೆಲವು ಹವಳಗಳು ನೀಲಿ ಛಾಯೆಯಲ್ಲೇ ಹೊಳೆಯುತ್ತವೆ. ಹಳದಿ ಫಿಲ್ಟರ್ ಹಾಕಿದರೆ ಆ ಬಣ್ಣವನ್ನೂ ಅದು ತಡೆದುಬಿಡುತ್ತದೆ. ಯುವಿಯಲ್ಲಿ ಅದು ಸಿಗುತ್ತದೆ.

ಆದರೂ ಹವಳಕ್ಕೆ ಯುವಿ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಹೊಳೆಯುವ ಹವಳಗಳ ಸಂಖ್ಯೆ ಕಡಿಮೆ, ಹೊಳಪೂ ಮಂಕು. ಕರಾವಳಿಯ ನೀರಿನಲ್ಲಿ ಕೊಳೆತ ಎಲೆ, ಪಾಚಿಯಿಂದ ಬಂದ ಅಂಶ ಕರಗಿರುತ್ತದೆ. ಅದು ಯುವಿಯನ್ನು ನೀಲಿಗಿಂತ ಬೇಗ ನುಂಗುತ್ತದೆ. ಹಾಗಾಗಿ ಹವಳಕ್ಕೆ ತುಂಬಾ ಹತ್ತಿರ ಹೋಗಬೇಕಾಗುತ್ತದೆ. ಹತ್ತಿರ ಹೋದಷ್ಟೂ ಕಾಲಿಗೆ ಹಾಕಿದ ಈಜುರೆಕ್ಕೆ (ಫಿನ್) ತಾಗಿ ಹವಳ ಮುರಿಯುವ ಭಯ. ಇನ್ನು ಯುವಿ ನಮ್ಮ ಕಣ್ಣಿನ ಮಸೂರವನ್ನೇ ಹೊಳೆಯುವಂತೆ ಮಾಡುತ್ತದೆ. ಬೆಳಕು ಹಿಂದಿರುಗಿ ಮುಖಕ್ಕೆ ಬಿದ್ದಾಗ ಎದುರಿಗೆ ಮಂಜು ಕವಿದಂತೆ ಅನಿಸುವುದು ಅದರಿಂದಲೇ. ಕಣ್ಣಿಗೆ ಅದು ಒಳ್ಳೆಯದಲ್ಲ ಎಂಬುದಂತೂ ಗೊತ್ತಿರುವ ವಿಷಯ.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಟ್ರಾಕಿಫಿಲಿಯಾ ಎಂಬ ಹವಳದಲ್ಲಿ ಒಂದು ಪ್ರೋಟೀನ್ ಇದೆ. ಅದು ಹಸಿರಾಗಿ ಹೊಳೆಯುತ್ತದೆ. ಆದರೆ ಯುವಿ ಅಥವಾ ನೇರಳೆ ಬೆಳಕು ಬಿದ್ದರೆ ಕೆಂಪಾಗಿಬಿಡುತ್ತದೆ, ಮತ್ತೆ ಹಸಿರಿಗೆ ಮರಳುವುದಿಲ್ಲ. ಜಪಾನಿನ ವಿಜ್ಞಾನಿಗಳು 2002ರಲ್ಲಿ ಇದನ್ನು ಪ್ರಕಟಿಸಿದರು. ಟಾರ್ಚ್ ಬೆಳಕಿನಲ್ಲಿ ಒಂದು ಗಳಿಗೆ ನೋಡಿದರೆ ಹವಳಕ್ಕೆ ಏನೂ ಆಗದು. ಆದರೂ ಈ ಬಣ್ಣಗಳ ವಿಷಯದಲ್ಲಿ ಯುವಿ ಬೇರೆ, ನೀಲಿ ಬೇರೆ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಯುವಿಯನ್ನು ಊರಲ್ಲಿ ಬಳಸಿ. ಚೇಳಿಗೆ ಅದೇ ಸರಿ. ನೀಲಿ ಬೆಳಕಿನಲ್ಲಿ ಚೇಳು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಸಿಲ್ವರ್ ಓಕ್ ಕಾಂಡದ ಮೇಲೆ, ಕಲ್ಲಿನ ಮೇಲೆ ಬೆಳೆಯುವ ಕಲ್ಲುಹೂವಿನಲ್ಲೂ ಕೆಲವು ಜಾತಿಗಳು ಯುವಿಗೆ ಹಳದಿಯಾಗಿ, ಬಿಳಿಯಾಗಿ ಹೊಳೆಯುತ್ತವೆ. ಜಾತಿ ಗುರುತಿಸಲು ಸಂಶೋಧಕರು ಇದನ್ನೇ ಬಳಸುತ್ತಾರೆ. ಮಕ್ಕಳಿಗೆ ತೋರಿಸಿ, ಖುಷಿ ಪಡುತ್ತಾರೆ. ಆದರೆ ಆಗಷ್ಟೇ ಪೊರೆ ಬಿಟ್ಟ ಚೇಳು ಮೈ ಗಟ್ಟಿಯಾಗುವವರೆಗೆ ಹೊಳೆಯುವುದಿಲ್ಲ. ಆದ್ದರಿಂದ ಏನೂ ಹೊಳೆಯಲಿಲ್ಲ ಎಂದು ಬರಿಗೈ ಹಾಕಬೇಡಿ.

ನೀಲಿ ಬೆಳಕು: ಯಾವ ರೂಪದಲ್ಲಿ ಕೊಳ್ಳುವುದು?

ಇಲ್ಲಿ ನಿಮ್ಮ ಮುಂದೆ ಮೂರು ದಾರಿ ಇವೆ.

ಮೊದಲನೆಯದು, ಇದಕ್ಕೆಂದೇ ಮಾಡಿದ ನೀಲಿ ಡೈವ್ ಟಾರ್ಚ್. ಚಾರ್ಲ್ಸ್ ಮೇಜೆಲ್ ಕಟ್ಟಿದ ನೈಟ್‌ಸೀ ಎಂಬ ಕಂಪನಿ ಈ ಕ್ಷೇತ್ರದಲ್ಲಿ ಹಳೆಯ ಹೆಸರು. ಬೇರೆಯವರೂ ಮಾಡುತ್ತಾರೆ. ಒಳ್ಳೆಯ ಟಾರ್ಚಿನಲ್ಲಿ ನೀಲಿ ಎಲ್‌ಇಡಿ ಮುಂದೆ ಇನ್ನೊಂದು ಫಿಲ್ಟರ್ ಇರುತ್ತದೆ. ಅದು ಯಾಕೆ ಬೇಕು ಎಂದರೆ, ನೀಲಿ ಎಲ್‌ಇಡಿ ಬಿಡುವುದು ಬರೀ ನೀಲಿಯಲ್ಲ, ಸ್ವಲ್ಪ ಹಸಿರೂ ಇರುತ್ತದೆ. ಆ ಹಸಿರು ಬೆಳಕು ಮರಳು, ಕಲ್ಲು, ಸತ್ತ ಹವಳದ ಮೇಲೆ ಬಿದ್ದು ವಾಪಸ್ ಬಂದರೆ ಹಳದಿ ಫಿಲ್ಟರ್ ಅದನ್ನು ತಡೆಯುವುದಿಲ್ಲ. ಆಗ ಎಲ್ಲವೂ ಮಬ್ಬು ಹಸಿರಾಗಿ ಕಾಣುತ್ತದೆ. ಯಾವುದು ನಿಜವಾದ ಹೊಳಪು ಎಂದು ಗೊತ್ತಾಗುವುದೇ ಇಲ್ಲ. ಅಗ್ಗದ ನೀಲಿ ಟಾರ್ಚುಗಳಲ್ಲಿ ಬಿಟ್ಟುಬಿಡುವುದು ಈ ಫಿಲ್ಟರನ್ನೇ. ಒಳ್ಳೆಯದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ವರ್ಷಕ್ಕೆ ಹಲವು ಸಲ ರಾತ್ರಿ ಡೈವ್ ಮಾಡುವವರಿಗೆ ಮಾತ್ರ ಇದು ಸರಿ.

ಎರಡನೆಯದು, ನಿಮ್ಮಲ್ಲಿರುವ ಬಿಳಿ ವಿಡಿಯೋ ಲೈಟಿಗೆ ನೀಲಿ ಫಿಲ್ಟರ್ ಮುಚ್ಚಳ. ಕೇಳಲು ವಿಚಿತ್ರ ಅನಿಸಬಹುದು, ಆದರೆ ಸಾಮಾನ್ಯ ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಎಲ್‌ಇಡಿಯೇ. ಅದರ ಮೇಲಿನ ಹಳದಿ ಫಾಸ್ಫರ್ ಲೇಪದಿಂದ ಬೆಳಕು ಬಿಳಿಯಾಗುತ್ತದೆ. ಹಾಗಾಗಿ ಅದರಲ್ಲಿ 450ರ ಹತ್ತಿರ ಒಳ್ಳೆಯ ಪಾಲು ಇದ್ದೇ ಇರುತ್ತದೆ. ಫಿಲ್ಟರ್ ಉಳಿದದ್ದನ್ನು ತಡೆಯುತ್ತದೆ. ಬೆಳಕಿನ ಬಹುಪಾಲು ವ್ಯರ್ಥ ಆಗುವುದರಿಂದ ಲೈಟ್ ಜೋರಾಗಿರಬೇಕು. ಮುಚ್ಚಳ ಬಿಗಿಯಾಗಿ ಕೂರಬೇಕು, ಅಂಚಿನಿಂದ ಬಿಳಿ ಸೋರಿದರೆ ಎಲ್ಲ ಹಾಳು. ನೀರೊಳಗೆ ಮುಚ್ಚಳ ತೆಗೆದರೆ ಮಾಮೂಲಿ ಲೈಟ್ ಸಿಗುತ್ತದೆ ಎನ್ನುವುದು ದೊಡ್ಡ ಅನುಕೂಲ. ಈಗಾಗಲೇ ಜೋರಾದ ವಿಡಿಯೋ ಲೈಟ್ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಮೂರನೆಯದು, ಒಂದೇ ಟಾರ್ಚಿನಲ್ಲಿ ಬಿಳಿ, ಕೆಂಪು, ನೀಲಿ, ಯುವಿ ಎಲ್ಲ ಇರುವಂಥದ್ದು. ಜಾಹೀರಾತು ನೋಡಿದರೆ ಆಸೆ ಆಗುತ್ತದೆ. ಆದರೆ ಮುಂದಿನ ಗಾಜು ಎಲ್ಲ ಬಣ್ಣಕ್ಕೂ ಒಂದೇ ಆದ್ದರಿಂದ ನೀಲಿಗೆ ಬೇಕಾದ ಫಿಲ್ಟರ್ ಅಲ್ಲಿ ಹಾಕಲು ಬರುವುದಿಲ್ಲ. ಒಂದೊಂದು ಬಣ್ಣಕ್ಕೆ ಸಿಗುವ ಎಲ್‌ಇಡಿಗಳೂ ಕಡಿಮೆ. ಸುಮ್ನೆ ಒಮ್ಮೆ ಆಸಕ್ತಿಗೆ ನೋಡುವವರಿಗೆ ಸಾಕು. ಫೋಟೋಗೆ ಸಾಲದು.

ಇವೆಲ್ಲಕ್ಕಿಂತ ಬೇರೆ ದಾರಿಯೂ ಇದೆ: ಬಾಡಿಗೆ. ರಾತ್ರಿ ಡೈವ್ ಮಾಡಿಸುವ ಸೆಂಟರಿನಲ್ಲಿ ನೀಲಿ ಟಾರ್ಚ್ ಮತ್ತು ಮಾಸ್ಕ್ ಫಿಲ್ಟರ್ ಎರಡೂ ಇದೆಯಾ ಎಂದು ಬುಕ್ ಮಾಡುವ ಮೊದಲೇ ಕೇಳಿ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಗುಂಪಿನಲ್ಲಿ ಒಬ್ಬರು ಬಿಳಿ ಟಾರ್ಚ್ ಬಿಟ್ಟರೂ ಹತ್ತಿರ ಇರುವ ಎಲ್ಲರಿಗೂ ಹೊಳಪು ಮಾಯ. ಆದ್ದರಿಂದ ನಿಮ್ಮ ಜೊತೆ ಇಳಿಯುವವರ ಬಳಿಯೂ ನೀಲಿ ಇರಬೇಕು. ಗಂಡ ಹೆಂಡತಿ ಇಬ್ಬರೂ ಡೈವ್ ಮಾಡುವವರಾದರೆ ಎರಡು ಸೆಟ್ ಕೊಳ್ಳುವ ಬದಲು ಮೊದಲ ಸಲ ಬಾಡಿಗೆಯೇ ವಾಸಿ.

ಹಳದಿ ಫಿಲ್ಟರ್ ಎಂಬ ಮುಖ್ಯ ಭಾಗ

ನೀಲಿ ಟಾರ್ಚ್ ಮಾತ್ರ ಹಿಡಿದು ಇಳಿದವರು, ಎಲ್ಲ ಬರೀ ನೀಲಿ ಕಾಣಿಸಿತು, ಅಂಥದ್ದೇನೂ ಇಲ್ಲ ಎಂದು ಬೇಸರ ಪಡುತ್ತಾರೆ. ಅವರು ಹೇಳುವುದು ಸರಿಯೇ. ಹವಳ ಹೊಳೆದಿರುತ್ತದೆ, ಆದರೆ ವಾಪಸ್ ಬರುವ ಜೋರಾದ ನೀಲಿಯ ಮುಂದೆ ಆ ಹೊಳಪು ಮುಚ್ಚಿಹೋಗಿರುತ್ತದೆ. ಸುಮಾರು 500 ನ್ಯಾನೊಮೀಟರಿಗಿಂತ ಕೆಳಗಿನದ್ದನ್ನು ತಡೆಯುವ ಹಳದಿ ಫಿಲ್ಟರ್ ಹಾಕಿದಾಗ ನೀಲಿ ಹೋಗಿ ಹಸಿರು, ಕಿತ್ತಳೆ, ಕೆಂಪು ಮಾತ್ರ ಉಳಿಯುತ್ತವೆ. ಸುತ್ತ ಕಪ್ಪು, ನಡುವೆ ಹವಳದ ಬಾಯಿಗಳು ಒಂದೊಂದಾಗಿ ಹಸಿರು. ಈ ನೋಟಕ್ಕೇ ಇಷ್ಟೆಲ್ಲ ಖರ್ಚು ಮಾಡುವುದು.

ಮಾಸ್ಕಿನ ಮೇಲೆ ಪಟ್ಟಿಯಿಂದ ಕೂರುವ, ಬೇಕಾದಾಗ ಮೇಲೆತ್ತಬಹುದಾದ ಫಿಲ್ಟರ್ ಕೊಳ್ಳಿ. ಮಾಸ್ಕಿನ ಒಳಗೆ ಅಂಟಿಸುವಂಥದ್ದು ಬೇಡ. ಯಾಕೆಂದರೆ ಹಳದಿ ಫಿಲ್ಟರ್ ಹಾಕಿದಾಗ ಹೊಳೆಯದ ಎಲ್ಲವೂ ಕತ್ತಲಲ್ಲಿ ಕಳೆದುಹೋಗುತ್ತದೆ. ಮುಳ್ಳಿರುವ ಸಮುದ್ರ ಅರ್ಚಿನ್, ಕಲ್ಲಿನ ಅಂಚು, ಬಲೆಯ ತುಂಡು, ಯಾವುದೂ ಕಾಣದೆ ಇರಬಹುದು. ಡೈವ್ ಕಂಪ್ಯೂಟರಿನಲ್ಲಿ ನೀಲಿ ಅಕ್ಷರ ಇದ್ದರೆ ಅದೂ ಕಾಣುವುದಿಲ್ಲ. ಆಳ ಮತ್ತು ಗಾಳಿ ಎಷ್ಟಿದೆ ಎಂದು ನೋಡಲು ಫಿಲ್ಟರ್ ಎತ್ತಲೇಬೇಕು. ಮಣಿಕಟ್ಟಿಗೆ ಅಥವಾ ಬಿಸಿಡಿಗೆ (ಡೈವ್ ಮಾಡುವಾಗ ತೊಡುವ, ಗಾಳಿ ತುಂಬುವ ಜಾಕೆಟ್) ಒಂದು ಬಿಳಿ ಟಾರ್ಚ್ ಕಟ್ಟಿಕೊಂಡೇ ಇಳಿಯಿರಿ. ಇದರಲ್ಲಿ ರಿಯಾಯಿತಿ ಇಲ್ಲ.

ಊರಲ್ಲೇ ಪರೀಕ್ಷೆ ಮಾಡಿ

ಸಮುದ್ರದವರೆಗೆ ಹೋಗಿ ಟಾರ್ಚ್ ಸರಿಯಿಲ್ಲ ಎಂದು ಗೊತ್ತಾದರೆ ಏನು ಪ್ರಯೋಜನ? ಕೊಂಡ ದಿನವೇ ರಾತ್ರಿ ಮನೆಯ ಲೈಟೆಲ್ಲ ಆರಿಸಿ ಅಡುಗೆ ಮನೆಯಲ್ಲಿ ಕೂತು ನೋಡಿ.

ಮೊದಲು ಸ್ಟೀಲ್ ತಟ್ಟೆ. ನೀಲಿ ಟಾರ್ಚನ್ನು ತಟ್ಟೆಗೆ ಬಿಟ್ಟು ಹಳದಿ ಫಿಲ್ಟರ್ ಮೂಲಕ ನೋಡಿ. ಸ್ಟೀಲಿಗೆ ಫ್ಲೋರೆಸೆನ್ಸ್ ಇಲ್ಲ, ಆದ್ದರಿಂದ ಅದು ಹೆಚ್ಚುಕಡಿಮೆ ಕಪ್ಪಾಗಬೇಕು. ಹಸಿರಾಗಿ ಕಂಡರೆ ಟಾರ್ಚಿನಿಂದ ಹಸಿರು ಸೋರುತ್ತಿದೆ. ನೀಲಿಯಾಗಿಯೇ ಕಂಡರೆ ಹಳದಿ ಫಿಲ್ಟರ್ ದುರ್ಬಲ. ಇಷ್ಟು ಸರಳವಾದ ಪರೀಕ್ಷೆಯಲ್ಲೇ ಅರ್ಧಕ್ಕರ್ಧ ವಿಷಯ ಗೊತ್ತಾಗುತ್ತದೆ.

ಆಮೇಲೆ ಒಂದು ಚಿಟಿಕೆ ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ. ಅರಿಶಿನದ ಕರ್ಕ್ಯುಮಿನ್ ನೀಲಿಗೂ ಯುವಿಗೂ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ. ಟಾನಿಕ್ ವಾಟರ್ ಸಿಕ್ಕರೆ ಅದನ್ನೂ ಇಡಿ. ಅದರಲ್ಲಿರುವ ಕ್ವಿನೈನ್ ಯುವಿಗೆ ನೀಲಿಯಾಗಿ ಹೊಳೆಯುತ್ತದೆ, 450ರ ನೀಲಿಗೆ ಏನೂ ಮಾಡುವುದಿಲ್ಲ. ನೀಲಿ ಎಂದು ಮಾರಿದ ಟಾರ್ಚಿಗೆ ಟಾನಿಕ್ ವಾಟರ್ ಜೋರಾಗಿ ಹೊಳೆದರೆ ಅದು ನಿಜಕ್ಕೂ ಯುವಿ ಕಡೆಯದ್ದು ಎಂದೇ ಅರ್ಥ.

ಕೊನೆಗೆ ಹಿತ್ತಲಿಗೆ ಹೋಗಿ ಕಾಫಿ ಗಿಡಕ್ಕೆ ಬಿಡಿ. ಹಳದಿ ಫಿಲ್ಟರ್ ಮೂಲಕ ನೋಡಿದರೆ ಹಸಿರು ಎಲೆ ಗಾಢ ಕೆಂಪಾಗಿ ಕಾಣುತ್ತದೆ. ಅದು ಕ್ಲೋರೊಫಿಲ್. ಹವಳದೊಳಗಿನ ಪಾಚಿಯಲ್ಲಿ ಕಾಣುವ ಕೆಂಪೂ ಇದೇ. ಯುವಿಯಲ್ಲಿ ಎಲೆ ಇಷ್ಟು ಕೆಂಪಾಗುವುದಿಲ್ಲ, ಏಕೆಂದರೆ ಎಲೆಯ ಮೇಲ್ಪದರವೇ ಯುವಿಯನ್ನು ತಡೆಯುತ್ತದೆ. ಕಾಫಿ ತೋಟದಲ್ಲಿ ನಿಂತು ಹವಳದ ಪಾಠ ಕಲಿಯಬಹುದು ಎಂಬುದು ನನಗೆ ತುಂಬಾ ಇಷ್ಟವಾದ ಸಂಗತಿ.

ಪರೀಕ್ಷೆ ಮಾಡುವಾಗ ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ, ಮಕ್ಕಳ ಕೈಗೆ ಒಂಟಿಯಾಗಿ ಕೊಡಬೇಡಿ. ನೀಲಿ ಕೂಡ ನಿರಪಾಯವಲ್ಲ. ಜೋರಾದ ನೀಲಿ ಬೆಳಕು ರೆಟಿನಾಗೆ ಹಾನಿ ಮಾಡಬಲ್ಲದು.

ಕ್ಯಾಮೆರಾ

ಲೆನ್ಸಿಗೂ ಹಳದಿ ಫಿಲ್ಟರ್ ಬೇಕು, ಮಾಸ್ಕಿನದು ಸಾಲದು. ಫೋಟೋಗ್ರಾಫರ್‌ಗಳು ಬಹಳ ವರ್ಷಗಳಿಂದ 12ನೇ ನಂಬರಿನ ಹಳದಿ ಫಿಲ್ಟರ್ ಬಳಸುತ್ತಾ ಬಂದಿದ್ದಾರೆ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ಡೇಲೈಟ್‌ಗೆ ಇಡಿ. ಇಲ್ಲದಿದ್ದರೆ ಕ್ಯಾಮೆರಾ ಹಸಿರನ್ನೇ ಸರಿಪಡಿಸಲು ಹೋಗಿ ಕೆಡಿಸುತ್ತದೆ. ಹೊಳಪು ತುಂಬಾ ಮಂದ, ಹಾಗಾಗಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕಾಗುತ್ತದೆ. ಸ್ಟ್ರೋಬ್ (ನೀರೊಳಗೆ ಬಳಸುವ ಫ್ಲ್ಯಾಶ್) ಇದ್ದರೆ ಅದರ ಮುಂದೆ ನೀಲಿ ಫಿಲ್ಟರ್ ಹಾಕುವುದು ಸ್ಥಿರ ಚಿತ್ರಕ್ಕೆ ಟಾರ್ಚಿಗಿಂತ ಎಷ್ಟೋ ಮೇಲು, ಆ ಕ್ಷಣದ ಬೆಳಕು ಅಷ್ಟು ಜೋರು. ವಿಡಿಯೋಗೆ ಮಾತ್ರ ಟಾರ್ಚೇ ಗತಿ.

ಎಲ್ಲಿ, ಯಾವಾಗ

ನಮಗೆ ಹತ್ತಿರದ ಡೈವ್ ಜಾಗ ಎಂದರೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಚಿಕ್ಕಮಗಳೂರಿನವರು ಕೊಪ್ಪ, ಆಗುಂಬೆ ಘಾಟಿ ಇಳಿದು ಉಡುಪಿ, ಕುಂದಾಪುರದ ಮೇಲೆ ಹೋಗಬಹುದು. ಹಾಸನದವರಿಗೆ ಸಕಲೇಶಪುರ, ಶಿರಾಡಿ ದಾರಿ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರುವುದಿಲ್ಲ. ಸಾಮಾನ್ಯವಾಗಿ ಬೋಟ್ ಹೋಗುವುದು ಹಗಲಲ್ಲಿ. ಫ್ಲೋರೆಸೆನ್ಸ್‌ಗೆ ಬೇಕಾದದ್ದು ಕತ್ತಲು. ಆದ್ದರಿಂದ ನೇತ್ರಾಣಿಯನ್ನು ಡೈವಿಂಗ್ ಕಲಿಯಲು, ನೀರಿನಲ್ಲಿ ಮೈ ಹಿಡಿತ ಅಭ್ಯಾಸ ಮಾಡಲು ಇಟ್ಟುಕೊಳ್ಳಿ. ನೀಲಿ ಬೆಳಕಿಗೆ ಅಂಡಮಾನ್ ಅಥವಾ ಲಕ್ಷದ್ವೀಪ.

ತೋಟ ಇರುವವರಿಗೆ ಕಾಲದ ಲೆಕ್ಕವೂ ಮುಖ್ಯ. ಅರೇಬಿಕಾ, ರೋಬಸ್ಟಾ ಕೊಯ್ಲು ಮುಗಿಯುವವರೆಗೆ ಕಾಲು ಹೊರಗಿಡಲು ಆಗುವುದಿಲ್ಲ. ಹೂ ಮಳೆ ನೋಡಿಕೊಂಡು ಏಪ್ರಿಲ್‌ನಲ್ಲಿ ಒಂದು ವಾರ ಬಿಡುವು ಮಾಡಿಕೊಂಡರೆ, ಅಂಡಮಾನಿನ ಸಮುದ್ರ ಆಗ ಇನ್ನೂ ಶಾಂತವಾಗಿಯೇ ಇರುತ್ತದೆ. ಅಮಾವಾಸ್ಯೆಯ ಆಸುಪಾಸು ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲ ಸಲ ಸ್ಕೂಬಾ ಮಾಡುವವರು, ಗೈಡ್ ಹಿಡಿದುಕೊಂಡೇ ಇಳಿಸುವ ಹಂತದಲ್ಲಿರುವವರು ಇದಕ್ಕೆ ಹೋಗಬೇಡಿ. ಓಪನ್ ವಾಟರ್ ಎಂಬ ಮೊದಲ ಹಂತದ ಸ್ಕೂಬಾ ಕೋರ್ಸ್ ಮುಗಿಸಿ, ಬಿಳಿ ಟಾರ್ಚಿನಲ್ಲಿ ರಾತ್ರಿ ಡೈವ್ ಅಭ್ಯಾಸವಾದ ಮೇಲೆ ನೀಲಿಗೆ ಬನ್ನಿ. ಹವಳದ ಮೇಲೆ ಒರಗದೆ, ಮರಳನ್ನು ಕದಡದೆ ಒಂದೇ ಕಡೆ ತೇಲಿ ನಿಲ್ಲಲು ಬರಬೇಕು. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಸತ್ತ ಚೂರನ್ನೂ ತರುವಂತಿಲ್ಲ. ಲಕ್ಷದ್ವೀಪದ ಹವಳ 1998, 2010, 2016, 2024ರಲ್ಲಿ ಸಮುದ್ರದ ನೀರು ಬಿಸಿಯಾಗಿ ಬಿಳಿಚಿ ನರಳಿದೆ. ಉಳಿದದ್ದನ್ನು ನೋಡಲು ಹೋಗುವ ನಮ್ಮ ಕೈಯಿಂದ ಒಂದು ತುಂಡೂ ಮುರಿಯಬಾರದು. ಬಿಳಿಚಿದ ದಿಬ್ಬದಲ್ಲಿ ಹೊಸದಾಗಿ ನೆಲೆಯೂರಿದ ಹವಳದ ಮರಿಗಳು ಬಿಳಿ ಬೆಳಕಿನಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಅವನ್ನು ಎಣಿಸಲು ಸಂಶೋಧಕರೂ ನೀಲಿ ಬೆಳಕು ಮತ್ತು ಹಳದಿ ಫಿಲ್ಟರನ್ನೇ ಬಳಸುತ್ತಾರೆ.

ವಿಮಾನಕ್ಕೆ ಟಾರ್ಚ್ ಒಯ್ಯುವಾಗ ಲಿಥಿಯಂ ಸೆಲ್‌ಗಳನ್ನು ಬಿಚ್ಚಿ, ತುದಿಗಳು ಒಂದಕ್ಕೊಂದು ತಾಗದಂತೆ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಿಡಿ ಸೆಲ್‌ಗಳನ್ನು ಚೆಕ್‌ಇನ್ ಲಗೇಜಿಗೆ ಹಾಕುವಂತಿಲ್ಲ. ಡೈವ್ ಮುಗಿದ ಮೇಲೆ ಟಾರ್ಚ್, ಫಿಲ್ಟರ್ ಎರಡನ್ನೂ ಸಿಹಿ ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ. ಓ ರಿಂಗ್‌ಗೆ (ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ) ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಸೆಲ್ ಮಾತ್ರ ಹೊರಗೆ ತೆಗೆದಿಟ್ಟು.